ಬೆನ್ನಟ್ಟಬೇಡಿ, ನಂಬರ್ ಬರೆದುಕೊಳ್ಳಿ

2025ರ ಮೇ ತಿಂಗಳು, ಮಂಡ್ಯ. ನಾಯಿ ಕಚ್ಚಿದ ಪುಟ್ಟ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಪೊಲೀಸರು ತಡೆಯಲು ಹೋದರು, ಮಗು ರಸ್ತೆಗೆ ಬಿದ್ದು ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ಡಿಜಿಪಿ ಸಲೀಂ ಅವರ ಸುತ್ತೋಲೆ ಬಂತು: ದಿಢೀರನೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋಗುವವರನ್ನು ಬೆನ್ನಟ್ಟಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಮ್ಮ ಕಡೆ ಎಲ್ಲೇ ನೋಡಿ, ಒಂದೇ ಬೈಕಿನಲ್ಲಿ ಇಡೀ ಸಂಸಾರ ಹೋಗುತ್ತದೆ. ಹೆಲ್ಮೆಟ್ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಂಡದ ನೋಟಿಸನ್ನು ಮನೆಗೇ ಕಳಿಸಬಹುದಲ್ಲ? ಪೊಲೀಸರೇ, ದಯವಿಟ್ಟು ತಿರುವಿನಲ್ಲಿ ಮರೆಯಾಗಿ ನಿಂತು ಗಾಡಿಗೆ ಅಡ್ಡ ಬರುವುದನ್ನು ಮೊದಲು ನಿಲ್ಲಿಸಿ.