ನೂರಕ್ಕೆ ನಿಂತ ಬಸ್ಸು

ಕಂಪ್ಯೂಟರಿನ ಒಳಗೂ ಒಂದು ಬಸ್ಸು ಓಡುತ್ತದೆ ಎಂದರೆ ನಮ್ಮ ಅತ್ತೆಯವರು ಇವತ್ತಿಗೂ ನಗುತ್ತಾರೆ. ಅದಕ್ಕೆ ಚಕ್ರವಿಲ್ಲ, ಕಂಡಕ್ಟರಿಲ್ಲ. ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಮಾಹಿತಿ ಓಡಾಡುವ ತಾಮ್ರದ ಗೆರೆಗಳ ದಾರಿಗೆ ಆ ಹೆಸರು, ಅಷ್ಟೆ. ಆದರೆ ಆ ಬಸ್ಸಿನ ವೇಗದ ಒಂದು ಅಂಕಿಯಿಂದ 2005ರಲ್ಲಿ ನಮ್ಮ ಮನೆಯಲ್ಲಿ ನನ್ನ ತವರಿನ ಮರ್ಯಾದೆಯ ಪ್ರಶ್ನೆಯೇ ಎದ್ದಿತ್ತು.

ಕಂಪ್ಯೂಟರ್ ಜೋಡಿಸಿಕೊಟ್ಟವನು ನನ್ನ ಅಣ್ಣನ ಮಗ. 2003ರಲ್ಲಿ ಅವನಿನ್ನೂ ಡಿಪ್ಲೊಮಾ ಓದುತ್ತಿದ್ದ. ನಾನು ಚೀಟಿ ಎತ್ತಿದ ದುಡ್ಡು ಕೊಟ್ಟಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ದಿನ ಅಲೆದು ಒಂದೊಂದೇ ಭಾಗ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬಿಲ್ಲಿನಲ್ಲಿ ‘ಅಥ್ಲಾನ್ ಎಕ್ಸ್‌ಪಿ 2500 ಪ್ಲಸ್’ ಎಂದಿತ್ತು. ಅದರ ಮೇಲೆ ನಾನು ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ ಟೈಪು ಮಾಡಿ ಮನೆ ಖರ್ಚಿಗೆ ಒಂದಿಷ್ಟು ಸೇರಿಸುತ್ತಿದ್ದೆ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಯಂತ್ರಕ್ಕೆ ಮಂಕು ಕವಿಯಿತು. ಪೇಜ್‌ಮೇಕರ್ ತೆರೆಯುವಷ್ಟರಲ್ಲಿ ಹಾಲು ಉಕ್ಕಿಸಿ ಬರಬಹುದಿತ್ತು. ಬೆಳಿಗ್ಗೆ ಹಾಕಿದರೆ ಕಪ್ಪು ಪರದೆಯ ಮೇಲೆ ಏನೋ ಎರಡು ಸಾಲು ಬಂದು ನಿಲ್ಲುತ್ತಿತ್ತು. ಎಫ್1 ಒತ್ತಿದರೆ ಮುಂದೆ ಹೋಗುತ್ತದೆಂದು ಮಗ ಕಂಡುಕೊಂಡಿದ್ದ. ದಿನಾ ಒತ್ತುವುದು ಅವನ ಕೆಲಸ.

ದೀಪಾವಳಿಗೆ ಬಂದ ಮೈದುನ ಆ ಪರದೆಯನ್ನು ನೋಡಿದ. ಅವನಿಗೆ ಬಿಲ್ಲುಗಳ ಮೇಲೆ ಬಹಳ ಪ್ರೀತಿ. ಬೀರುವಿನಿಂದ ಬಿಲ್ಲು ತರಿಸಿ ಪರದೆಯ ಪಕ್ಕ ಹಿಡಿದ.

“ಅತ್ತಿಗೆ, ಇಲ್ಲಿ 2500 ಅಂತಿದೆ. ಅಲ್ಲಿ ನೋಡಿದರೆ 1100 ಅಂತ ತೋರಿಸ್ತಿದೆ. ಅರ್ಧಕ್ಕೂ ಕಮ್ಮಿ! ನಿಮ್ಮ ಅಣ್ಣನ ಮಗ ಚೆನ್ನಾಗಿ ಟೋಪಿ ಹಾಕಿದ್ದಾನೆ.”

ಅತ್ತೆಯವರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದುದೇ ನನಗೆ ಹೆಚ್ಚು ಚುಚ್ಚಿತು. ಹುಡುಗ ಆಗ ಪುಣೆಯಲ್ಲಿ ಹೊಸ ಕೆಲಸಕ್ಕೆ ಸೇರಿದ್ದ. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಇಂಥ ಪ್ರಶ್ನೆಯನ್ನು ಎಷ್ಟು ಮೃದುವಾಗಿ ಕೇಳಿದರೂ ಕೇಳಿಸಿಕೊಳ್ಳುವವನಿಗೆ ಬೇರೆಯೇ ಕೇಳಿಸುತ್ತದೆ. ನಾನು ಫೋನ್ ಮುಟ್ಟಲಿಲ್ಲ. ಅಟ್ಟದ ಮೇಲಿದ್ದ ಮದರ್‌ಬೋರ್ಡಿನ ಡಬ್ಬಿ ಇಳಿಸಿ ಅದರೊಳಗಿನ ಪುಸ್ತಕ ತೆಗೆದೆ.

ಆರನೆಯ ಕ್ಲಾಸಿನ ಮಗಳಿಗೆ ಲೆಕ್ಕವೆಂದರೆ ಇಷ್ಟ. ಪುಸ್ತಕದಲ್ಲಿದ್ದ ಸೂತ್ರವನ್ನು ಅವಳಿಗೆ ಹೇಳಿದೆ: ಬಸ್ಸಿನ ವೇಗವನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ. ನಮ್ಮ ಪ್ರೊಸೆಸರಿನ ಗುಣಕ 11. ಅವಳು ಪೆನ್ಸಿಲ್ ಕಚ್ಚಿಕೊಂಡು 1100ನ್ನು 11ರಿಂದ ಭಾಗಿಸಿದಳು.

“ನೂರು, ಅಮ್ಮಾ. ಸರಿಯಾಗಿ ನೂರು. ಶೇಷ ಇಲ್ಲ.”

ನನಗೆ ದಾರಿ ಕಂಡಿದ್ದು ಅಲ್ಲಿಯೇ. ಕಡಿಮೆ ಬೆಲೆಯ ಪ್ರೊಸೆಸರ್ ತಂದು ಹಾಕಿದ್ದರೆ ಗುಣಕವೂ ಬೇರೆಯಿರುವ ಸಾಧ್ಯತೆಯಿತ್ತು. ಗುಣಕ ಹಾಗೆಯೇ ಇದೆ, ಬಸ್ಸು ಮಾತ್ರ ನೂರಕ್ಕೆ ಇಳಿದಿದೆ. ಈ ಪ್ರೊಸೆಸರಿಗೆ ಇರಬೇಕಾದ ಬಸ್ ವೇಗ 166 ಚಿಲ್ಲರೆ ಮೆಗಾಹರ್ಟ್ಸ್. ಹಾಗಾದರೆ ಇಳಿಸಿದವರು ಯಾರು?

ಉತ್ತರ ಮಗ ದಿನಾ ದಾಟಿಸುತ್ತಿದ್ದ ಆ ಎರಡು ಸಾಲುಗಳಲ್ಲಿಯೇ ಇತ್ತು. ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್.’ ಅಂದರೆ, ನೆನಪಿಟ್ಟುಕೊಂಡಿದ್ದು ಕಲಸಿಹೋಗಿದೆ, ಮೂಲದ ಅಂಕಿಗಳನ್ನೇ ಹಾಕಿಕೊಂಡಿದ್ದೇನೆ ಎಂದು. ತಾರೀಖು ನೋಡಿದರೆ ಅದೂ ಎರಡು ವರ್ಷ ಹಿಂದಿನದು. ಗಡಿಯಾರವನ್ನೂ ಬಸ್ಸಿನ ವೇಗದಂಥ ಆಯ್ಕೆಗಳನ್ನೂ ಕಾಯುವುದು ಮದರ್‌ಬೋರ್ಡಿನ ಮೇಲಿನ ಒಂದು ಬಿಲ್ಲೆ ಬ್ಯಾಟರಿ. ಗೋಡೆಯ ಸ್ವಿಚ್ ಹಾಕಿದ್ದರೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ನಮ್ಮಲ್ಲಿ ರಾತ್ರಿ ಎಲ್ಲ ಸ್ವಿಚ್ಚುಗಳನ್ನೂ ಆರಿಸುವುದು ಅತ್ತೆಯವರ ವ್ರತ. ಬ್ಯಾಟರಿ ಸೊರಗಿದ ಮೇಲೆ ಬೋರ್ಡು ಪ್ರತಿದಿನ ಎಲ್ಲ ಮರೆತು, ಯಾವ ಪ್ರೊಸೆಸರ್ ಕೂತಿದ್ದರೂ ಅಪಾಯವಿಲ್ಲದ 100ಕ್ಕೆ ಹೋಗಿ ನಿಲ್ಲುತ್ತಿತ್ತು.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೆವು. ದೂಳು ಇತ್ತು, ಒಂದು ಸತ್ತ ಜಿರಲೆಯೂ ಇತ್ತು. ಬಿಲ್ಲೆಯ ಮೇಲೆ ‘ಸಿಆರ್2032’ ಎಂದು ಬರೆದಿತ್ತು. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಹೆಸರಿನಲ್ಲೇ ಅಳತೆ ಇಟ್ಟುಕೊಂಡ ವಸ್ತು! ಗಡಿಯಾರ ರಿಪೇರಿಯವರ ಹತ್ತಿರ ಒಯ್ದೆ. ಮೂರು ವೋಲ್ಟ್ ತೋರಿಸಬೇಕಾದ ಮೀಟರಿನ ಮುಳ್ಳು ಎರಡರ ಹತ್ತಿರವೇ ತೂಗಾಡಿತು. “ಮುಗೀತಮ್ಮ ಇದು,” ಎಂದು ಹೊಸದು ಕೊಟ್ಟರು.

ಹೊಸದನ್ನು ಕೂರಿಸಿದ ಮೇಲೂ ಪರದೆ 1100 ಎಂದೇ ಹೇಳಿತು. ಬ್ಯಾಟರಿ ಇನ್ನು ಮುಂದೆ ನೆನಪಿಡುತ್ತದೆ, ಮರೆತಿದ್ದನ್ನು ನಾವೇ ಹೇಳಿಕೊಡಬೇಕು. ಡೆಲ್ ಕೀಲಿ ಒತ್ತಿ ಬಯಾಸ್ ಒಳಗೆ ಹೋಗಿ ತಾರೀಖು ಸರಿಮಾಡಿ, ಬಸ್ಸಿನ ಜಾಗದಲ್ಲಿ 166 ಇಟ್ಟೆ. ಪಟ್ಟಿಯಲ್ಲಿ 200 ಕೂಡ ಇತ್ತು. “ಅಮ್ಮ, ಅದನ್ನೇ ಹಾಕು, 2200 ಆಗುತ್ತೆ!” ಎಂದು ಮಗ ಕುಣಿದ. ಎತ್ತಿಗೆ ಹೊರುವಷ್ಟೇ ಹೊರೆ ಎಂದು ಸುಮ್ಮನಾಗಿಸಿದೆ.

ಮತ್ತೆ ಶುರುಮಾಡಿದಾಗ ಪರದೆಯ ಮೇಲೆ ಬಿಲ್ಲಿನಲ್ಲಿದ್ದ ಹೆಸರೇ ಬಂತು. ಅಥ್ಲಾನ್ ಎಕ್ಸ್‌ಪಿ 2500 ಪ್ಲಸ್.

ಮೈದುನ ಅಷ್ಟಕ್ಕೆ ಬಿಡುವವನಲ್ಲ. ವೇಗ 1833 ಮಾತ್ರ, 2500 ಎಲ್ಲಿ ಎಂದ. ಡಬ್ಬಿಯ ಮೇಲೆ ಬಸ್ 333 ಎಂದಿದೆ, ಒಳಗೆ 166 ಏಕೆ ಎಂದೂ ಕೇಳಿದ. ನಿಜವಾಗಿ ನೋಡಿದರೆ ಎರಡೂ ಒಳ್ಳೆಯ ಪ್ರಶ್ನೆಗಳು. 2500 ಎಂಬುದು ಮೆಗಾಹರ್ಟ್ಸ್ ಅಲ್ಲ, ಎಎಮ್‌ಡಿ ಕಂಪನಿ ತನ್ನ ಪ್ರೊಸೆಸರಿನ ಕೆಲಸದ ಶಕ್ತಿ ಹೋಲಿಸಲು ಇಟ್ಟ ಅಂಕಿ. ಗಿರಾಕಿಯನ್ನು ಗೊಂದಲಕ್ಕೆ ಬೀಳಿಸುವ ಜಾಣತನ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಎರಡನೆಯದಕ್ಕೆ ಅಡುಗೆಮನೆಯ ಕಡಗೋಲು ತೋರಿಸಿದೆ. ಹಗ್ಗವನ್ನು ಬಲಕ್ಕೆ ಎಳೆದಾಗಲೂ ಮಜ್ಜಿಗೆ ಕಡೆಯುತ್ತದೆ, ಎಡಕ್ಕೆ ಎಳೆದಾಗಲೂ ಕಡೆಯುತ್ತದೆ. ಒಂದು ಸುತ್ತಿಗೆ ಎರಡು ಕೆಲಸ. ಈ ಬಸ್ಸೂ ಹಾಗೆಯೇ, ಗಡಿಯಾರದ ಮಿಡಿತ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಾಹಿತಿ ಸಾಗಿಸುತ್ತದೆ. ಸೆಕೆಂಡಿಗೆ 166 ಮಿಲಿಯ ಮಿಡಿತವಾದರೆ ಸಾಗಣೆ 333 ಮಿಲಿಯ. ಇಂಟೆಲ್‌ನ ಪೆಂಟಿಯಂ 4ರಲ್ಲಿ ಒಂದು ಮಿಡಿತಕ್ಕೆ ನಾಲ್ಕು ಸಾಗಣೆ, ಆದ್ದರಿಂದ 800 ಎಂದು ಮಾರಿದ್ದು ಒಳಗೆ 200 ಎಂದು ಕಾಣುತ್ತದೆ. ಇಂಥ ಅಂಕಿ ಕಂಡಾಗ ಮೊದಲು ಎರಡರಿಂದಲೋ ನಾಲ್ಕರಿಂದಲೋ ಗುಣಿಸಿ ನೋಡಬೇಕು. ತಾಳೆಯಾದರೆ ಯಂತ್ರ ಸರಿಯಾಗಿದೆ. ನಮ್ಮ ನೂರು ಹೇಗೆ ಗುಣಿಸಿದರೂ 333 ಆಗುತ್ತಿರಲಿಲ್ಲ.

ಕಡಗೋಲಿನ ಮಾತು ಅತ್ತೆಯವರಿಗೆ ತಟ್ಟನೆ ಹಿಡಿಸಿತು. “ಹುಡುಗ ಸರಿಯಾದ್ದನ್ನೇ ತಂದಿದ್ದಾನೆ ಕಣೋ,” ಎಂದು ಮಗನಿಗೆ ಹೇಳಿ ಒಳಗೆ ಹೋದರು. ಮೈದುನ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿಟ್ಟ. ಆಮೇಲೆ, ತನ್ನ ಆಫೀಸಿನ ಕಂಪ್ಯೂಟರೂ ಬೆಳಿಗ್ಗೆ ಹಳೆಯ ತಾರೀಖು ತೋರಿಸುತ್ತದೆ, ಆ ಬಿಲ್ಲೆ ಎಲ್ಲಿ ಸಿಕ್ಕಿತು ಎಂದು ಕೇಳಿದ.

ಪುಣೆಯ ಹುಡುಗನಿಗೆ ಇದಾವುದೂ ಗೊತ್ತಿಲ್ಲ. ಸಂಕ್ರಾಂತಿಗೆ ಬಂದವನು, “ಅತ್ತೆ, ಕಂಪ್ಯೂಟರ್ ಹೇಗಿದೆ?” ಎಂದ. ಚೆನ್ನಾಗಿದೆ ಎಂದು ಎಳ್ಳು ಬೆಲ್ಲ ಕೊಟ್ಟೆ.