ಮೇಲೊಂದು ಹಿಡಿ

ಇವತ್ತು ಮುಂಜಾನೆ ಸಾಂಗಲಿಯ ಒಂದು ಹೋಟೆಲಿನಲ್ಲಿ ಮಿಸಳ್ ತಿನ್ನಲು ಕೂತವನ ಕಣ್ಣಿಗೆ ಗೋಡೆಯ ಮೇಲಿನ ಹೊಸ ಫಲಕ ಬಿತ್ತು. ಜಾದಾ ಕಟ್‌ಗೆ, ಅಂದರೆ ಮೇಲೆ ಹಾಕಿಸಿಕೊಳ್ಳುವ ಖಾರದ ರಸಕ್ಕೆ, ಬೇರೆ ದುಡ್ಡು, ಇಪ್ಪತ್ತು ರೂಪಾಯಿ. ಕೆಂಪಕ್ಷರ, ಕೆಳಗೆ ಎರಡು ಗೆರೆ. ಮಿಸಳ್ ಬಾಯಿ ಸುಡುವ ಮೊದಲೇ ನನಗೆ ಉರಿ ಹತ್ತಿತು.

ಎಣ್ಣೆ ತುಟ್ಟಿ, ಗ್ಯಾಸು ತುಟ್ಟಿ, ಆಳುಗಳು ಸಿಗುವುದಿಲ್ಲ. ಎಲ್ಲ ನಿಜ, ಬಿಡಿ. ಮಿಸಳ್‌ಗೇ ಇಪ್ಪತ್ತು ಏರಿಸಿದ್ದರೆ ಗೊಣಗುತ್ತ ಕೊಟ್ಟು ಬರುತ್ತಿದ್ದೆ. ಆದರೆ ಮಿಸಳ್ ತಿನ್ನುವವನ ಪಾಡು ನಿಮಗೆ ಗೊತ್ತಲ್ಲ. ಬ್ರೆಡ್ ಉಳಿದಾಗ ಕಟ್ ತೀರಿರುತ್ತದೆ, ಕಟ್ ಉಳಿದಾಗ ಬ್ರೆಡ್ ತೀರಿರುತ್ತದೆ. ಎರಡೂ ಒಟ್ಟಿಗೆ ಮುಗಿದದ್ದನ್ನು ನಾನಂತೂ ಕಂಡಿಲ್ಲ. ಹಿಂದೆಲ್ಲ ಆ ಹೊತ್ತಿಗೆ ಸರಿಯಾಗಿ ಹುಡುಗನೊಬ್ಬ ಬಕೆಟ್ಟು ಹಿಡಿದು ಬಂದು, ಕೇಳದೆಯೇ ಒಂದು ಸೌಟು ಸುರಿದು ಮುಂದಿನ ಮೇಜಿಗೆ ಹೋಗಿಬಿಡುತ್ತಿದ್ದ. ಈಗ ಆ ಸೌಟಿಗೂ ದರ ಬರೆದಿದ್ದಾರೆ. ಕೊಸರಿಗೆ ದರ!

ಸಿಟ್ಟಿನಲ್ಲಿ ಎದ್ದು ಪೇಟೆಗೆ ಇಳಿದೆ. ಗಣಪತಿ ಪೇಟೆ, ಮಾರುತಿ ರಸ್ತೆ, ಹರಭಟ್ ರಸ್ತೆ. ಅರಿಸಿನ, ಬೆಲ್ಲ, ಒಣದ್ರಾಕ್ಷಿಗಳ ಈ ಊರಿನಲ್ಲಿ ಬೆಳಗಾದರೆ ಕೈಗಾಡಿ, ರಿಕ್ಷಾ, ಹಮಾಲರ ನಡುವೆ ಮನುಷ್ಯ ಅಡ್ಡಲಾಗಿ ನಡೆಯುವುದನ್ನು ಕಲಿಯಬೇಕು. ನನಗೆ ಬೇಕಾಗಿದ್ದದ್ದು ಭಡಂಗ್. ಬೆಳ್ಳುಳ್ಳಿ, ಶೇಂಗಾ, ಕರಿಬೇವು, ಖಾರಪುಡಿ ಹಾಕಿ ಹುರಿದ ಚುರುಮುರಿ. ನಮ್ಮ ಧಾರವಾಡದ ಗಿರ್ಮಿಟ್ಟು ಕಲಸಿದ ಐದು ನಿಮಿಷಕ್ಕೆ ಮೆತ್ತಗಾಗಿ ಬೇಸರ ತರಿಸುತ್ತದೆ. ಭಡಂಗ್ ಹಾಗಲ್ಲ, ರೈಲಿನಲ್ಲಿ ಬೆಂಗಳೂರು ಮುಟ್ಟಿದ ಮೇಲೂ ಕುರುಕುರು ಎನ್ನುತ್ತದೆ.

ಗಾಡಿಯವನು ಜತ್ತದ ಕಡೆಯವನು, ಮನೆಮಾತು ಕನ್ನಡ. ಮಾಪಿನಲ್ಲಿ ತುಂಬಿ, ಅಂಗೈಯಿಂದ ಮೇಲ್ಭಾಗ ಸವರಿ, ಕಾಗದದ ಪೊಟ್ಟಣಕ್ಕೆ ಸುರಿದ. ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸಿ, ಅರ್ಧ ಲಿಂಬೆ ಹಿಂಡಿದ. ಪೊಟ್ಟಣದ ಬಾಯಿ ಮಡಚುವ ಮೊದಲು ಎಡಗೈಯಿಂದ ಇನ್ನೊಂದು ಹಿಡಿ ಹಾಕಿದ. ಹಾಗೆ ಹಾಕುವಾಗ ಅವನು ಗಿರಾಕಿಯ ಮುಖ ನೋಡುವುದಿಲ್ಲ, ಗಮನಿಸಿ.

"ಮೊದಲ ಮಾಪು ಸವರದೆ ಗೋಪುರದಂಗ ಕೊಟ್ರ ಆಗೂದಿಲ್ಲೇನಪಾ?" ಎಂದೆ.

"ಆಗ್ತೈತ್ರಿ ಕಾಕಾ. ಆದ್ರ ಅದು ಯಾರಿಗೆ ಕಾಣತೈತ್ರಿ?"

ಹೋಟೆಲಿನವನಿಗೆ ಇವನನ್ನು ನಾಲ್ಕು ದಿನ ಪಾಠ ಹೇಳಲು ಇಡಬೇಕು.

ಕೊಸರು ಕೇಳುವವರಿಗೂ ಒಂದು ಕ್ರಮ ಉಂಟು. ನಮ್ಮವ್ವ ಮಿರಜಿನ ಲಕ್ಷ್ಮೀ ಮಾರ್ಕೆಟ್ಟಿನಲ್ಲಿ ದುಡ್ಡು ಎಣಿಸಿ ಕೊಟ್ಟ ಮೇಲೆಯೇ ಕರಿಬೇವಿಗೆ ಕೈ ಹಾಕುತ್ತಿದ್ದಳು. ಮೊದಲೇ ಕೇಳಿದರೆ ಅದು ಚೌಕಾಸಿ ಆಗುತ್ತದೆ ಎಂದು ಅವಳ ಶಾಸ್ತ್ರ. ಕಾಗವಾಡದ ಕಡೆಯಿಂದ ಬುಟ್ಟಿ ಹೊತ್ತು ಬಂದ ಹೆಂಗಸರಿಗೂ ಅದೇ ಶಾಸ್ತ್ರ. ಬೈದುಕೊಳ್ಳುತ್ತಲೇ ಎರಡು ಹಸಿಮೆಣಸಿನಕಾಯಿ ಸೇರಿಸುತ್ತಿದ್ದರು. ಕೃಷ್ಣೆಯ ಕೊಸರು ಮಾತ್ರ ಯಾರಿಗೂ ಬೇಡ. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಅಪಾಯದ ಗೆರೆ ಇರುವುದು 45 ಅಡಿಗೆ, 2019ರ ಆಗಸ್ಟಿನಲ್ಲಿ ನೀರು 57 ಅಡಿ ಮುಟ್ಟಿತ್ತು. ಆಗ ಈ ಪೇಟೆಯ ಬೀದಿಗಳಲ್ಲೇ ದೋಣಿ ನಡೆಸಿದರು.

ಸಾಂಗಲಿಗೆ ನಾವು ಕನ್ನಡಿಗರೂ ಒಂದು ದೊಡ್ಡ ಕೊಸರು ಕೊಟ್ಟವರೇ. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಯಕ್ಷಗಾನ ಮೇಳ ಘಟ್ಟ ಹತ್ತಿ ಇಲ್ಲಿಗೆ ಬಂದು ಆಟ ಆಡಿತು. ಆಟ ಆಡಿದ್ದಕ್ಕೆ ಸಂಭಾವನೆ ಪಡೆದು ಮೇಳದವರು ಹೊರಟುಹೋದರು, ಅಲ್ಲಿಗೆ ವ್ಯವಹಾರ ಮುಗಿಯಬೇಕು. ಆದರೆ ಅದನ್ನು ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರನ್ನು ಕರೆದು, ಮರಾಠಿಯಲ್ಲಿ ಇಂಥದ್ದೊಂದನ್ನು ಮಾಡು ಎಂದರು. ಮರುವರ್ಷ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿಗರು ನವೆಂಬರ್ 5ನ್ನು ರಂಗಭೂಮಿ ದಿನವೆಂದು ಆಚರಿಸುವುದು ಇದರಿಂದಲೇ. ಕರ್ಕಿಯವರು ಇದಕ್ಕೆ ಬೇರೆ ಬಿಲ್ಲು ಕಳಿಸಲಿಲ್ಲ.

ಈ ತಲೆಹರಟೆ ನನ್ನನ್ನು ಎಲ್ಲಿಗೆ ಒಯ್ದಿತೆಂದರೆ ಮಧ್ಯಾಹ್ನ ಮಿರಜಿಗೆ ಬಂದವನು ಮನೆಗೆ ಹೋಗದೆ ಸಿತಾರಮೇಕರ ಓಣಿಯಲ್ಲಿ ನಿಂತಿದ್ದೆ. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಕ್ಕೆ ತಿರುಗಿಕೊಂಡ ಜಾಗ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಮಂಗಳವೇಢೆ, ಪಂಢರಪುರದ ಕಡೆಯ ಕಹಿಗುಂಬಳಗಳು ಬಾಗಿಲಲ್ಲಿ ಒಣಗುತ್ತಿದ್ದವು. ಒಳಗೊಬ್ಬರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಹತ್ತಿಯ ನೂಲು ಸರಿಸುತ್ತ ಕಿವಿ ಕೊಟ್ಟಿದ್ದರು. ಕೂದಲೆಳೆಯಷ್ಟು ಹಿಂದೆ, ಮತ್ತೆ ಮುಂದೆ. ಒಮ್ಮೆಲೇ ತಂತಿ ಝೇಂಕರಿಸಿತು. ನಾಲ್ಕೇ ತಂತಿ, ಪಂಚಮ ಮತ್ತು ಷಡ್ಜ ಅಷ್ಟೇ. ಆದರೆ ಯಾರೂ ಮೀಟದ ಗಾಂಧಾರವೊಂದು ಮೇಲೆ ತೇಲುತ್ತಿತ್ತು. ಇದೇ ಊರಿನ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ, ಇದೇ ಊರಿನ ಮಣ್ಣಾದ ಅಬ್ದುಲ್ ಕರೀಮ್ ಖಾನರು ತಂಬೂರಿ ಕೂಡದೆ ಬಾಯಿ ತೆರೆಯುತ್ತಿರಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಗಾಂಧಾರದ ಗುಂಗಿನಲ್ಲಿ ಹೊರಬಂದೆ. ಕೊಡೆ ಸಾಂಗಲಿಯಲ್ಲೇ ಉಳಿದಿತ್ತು. ಮತ್ತೆ ಹೋಗಬೇಕಲ್ಲ ಎಂದು ನಿಲ್ದಾಣದ ಬಳಿ ವಡಾಪ್, ಅಂದರೆ ಸೀಟಿನ ಲೆಕ್ಕದ ಬಾಡಿಗೆ ಗಾಡಿ, ಹಿಡಿದೆ. ಸೀಟೆಲ್ಲ ತುಂಬಿದ್ದವು. ಡ್ರೈವರ್ ತಾನು ಅರ್ಧ ಸರಿದು, "ಯಾ ಕಾಕಾ, ಬಸಾ" ಎಂದು ತನ್ನ ಬಗಲಲ್ಲಿ ನಾಲ್ಕು ಬೆರಳು ಜಾಗ ಮಾಡಿಕೊಟ್ಟ. ಹದಿನಾರಾಣೆ ಕೊಸರಿನ ಸೀಟು. ವಿಶ್ರಾಮಬಾಗ್ ಬರುವವರೆಗೆ ಒಂದು ಕಾಲು ಹೊರಗೇ ಇತ್ತು. ಇಳಿಯುವಾಗ ಅರ್ಧ ಚಾರ್ಜು ಮುಂದೆ ಹಿಡಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೂರ್ತಿ ವಸೂಲು ಮಾಡಿದ.