ಗೋಡೆಯ ಹಿಂದಿನ ನೀರು

9 ಏಪ್ರಿಲ್ 2024, ಮಂಗಳವಾರ. ಯುಗಾದಿ

ಹೊನ್ನಾರು ಕಟ್ಟುವುದು ಈ ಸಲ ಶಾಸ್ತ್ರಕ್ಕೆ ಮಾತ್ರ. ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಹೊಲದಲ್ಲಿ ಎರಡು ಸುತ್ತು ಹೊಡೆಸಿ ತಂದರು, ಎದ್ದದ್ದು ಬರೀ ಧೂಳು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ ವರ್ಷ. ತೆಂಗಿನ ಕೆಳಗರಿಗಳು ಒಣಗಿ ಮರಕ್ಕೇ ಜೋತುಬಿದ್ದಿವೆ.

ಬೇವು ಬೆಲ್ಲ ಆದ ಮೇಲೆ ಮೇಸ್ತ್ರಿ ಬಂದು ಹಿತ್ತಿಲು ನೋಡಿದರು. ನಮ್ಮ ಮನೆ ದಿಬ್ಬದ ಮೇಲಿದೆ. ಹಿತ್ತಿಲು ಮುಗಿದಲ್ಲಿ ನೆಲ ಆರಡಿ ಕೆಳಕ್ಕಿಳಿದು ತೋಟ ಶುರುವಾಗುತ್ತದೆ. ಆ ಆರಡಿ ಮಣ್ಣನ್ನು ಹಿಡಿದಿರುವುದು ಮಾವನವರ ತಂದೆ ಕಾಲದ ಕಾಡುಗಲ್ಲಿನ ಗೋಡೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. 2022ರ ಮಳೆಗೆ ಅದು ನಡುವೆ ಹೊಟ್ಟೆ ಬಿಟ್ಟಿತು. ಹೋದ ವರ್ಷ ಮಳೆಯೇ ಇರಲಿಲ್ಲವಲ್ಲ, ಹಾಗಾಗಿ ಹಾಗೇ ನಿಂತಿದೆ. ಮುಂದಿನ ದೊಡ್ಡ ಮಳೆಗೆ ನಿಲ್ಲುವುದಿಲ್ಲ.

ಮೇಸ್ತ್ರಿ ಉಬ್ಬಿದ ಜಾಗದ ಮೇಲೆ ನಿಂತು ಕಾಲಲ್ಲಿ ಮಣ್ಣು ಕೆದಕಿದರು. ಎಲ್ಲ ಕಡೆ ಸುಡುವ ಧೂಳು, ಅಲ್ಲಿ ಮಾತ್ರ ಒಂದು ಗೇಣಿನ ಕೆಳಗೆ ಕಪ್ಪು ತೇವ. "ಮಳೆ ಒಂದ್ರದ್ದೇ ಅಲ್ಲ ಟೀಚರಮ್ಮ, ನಿಮ್ಮ ಬಚ್ಚಲದ್ದೂ ಐತೆ" ಎಂದರು. ಅಂಚಿನಲ್ಲಿರುವ ತೆಂಗಿನ ಮರಕ್ಕೆ ಆಗಲಿ ಎಂದು ಬಚ್ಚಲ ನೀರನ್ನು ಅಲ್ಲಿಗೇ ಬಿಡುವುದು ಮನೆಯ ಹಳೇ ವಾಡಿಕೆ. ಮರ ಕುಡಿದಷ್ಟು ಕುಡಿದು, ಉಳಿದದ್ದು ಗೋಡೆಯ ಬೆನ್ನಿಗೆ ಹೋಗುತ್ತಿತ್ತು. ಒಣಗಲ್ಲಿನ ಗೋಡೆಗೆ ಮೈಯೆಲ್ಲ ಸಂದು, ನೀರು ತಾನೇ ಸೋರಿಹೋಗಬೇಕು. ಆದರೆ ಇಷ್ಟು ವರ್ಷಗಳ ನುಣ್ಣನೆಯ ಮಣ್ಣು, ಸೋಪಿನ ಗಸಿ ಸಂದುಗಳಲ್ಲಿ ಗಟ್ಟಿಯಾಗಿ ಕೂತಿದೆ.

12 ಏಪ್ರಿಲ್, ಶುಕ್ರವಾರ

ಹಳೇ ಗೋಡೆ ಬಿಚ್ಚಿಸುತ್ತಿದ್ದೇವೆ. ಒಳ್ಳೆ ಕಲ್ಲುಗಳನ್ನು ಬೇರೆ ಒಟ್ಟಲು ಹೇಳಿದೆ, ಪಾಯಕ್ಕೆ ಆಗುತ್ತವೆ. ಸೈಜುಗಲ್ಲು ಎರಡು ಲೋಡು ಬಂತು. ತುರುವೇಕೆರೆಯ ಕರಿಕಲ್ಲು ವಿಧಾನಸೌಧದ ಅಲಂಕಾರಕ್ಕೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಬೂದುಗಲ್ಲು. ಗೋಡೆಗೆ ಅದೇ ಸರಿ.

ಅತ್ತೆ ಬೆಳಗಿಂದ ಅಂಚಿನ ಆ ತೆಂಗಿನ ಮರದ ಬುಡದಲ್ಲೇ ಕೂತಿದ್ದರು. "ಮರ ತೆಗಿಯಾದಾದ್ರೆ ಗ್ವಾಡೆನೇ ಬ್ಯಾಡ ಕಣವ್ವ." ಮರ ತೆಗೆಯುವ ಯೋಚನೆ ನನಗೂ ಇರಲಿಲ್ಲ. ತೆಂಗಿಗೆ ತಾಯಿಬೇರಿಲ್ಲ, ಹಗ್ಗದಂಥ ಸಾವಿರಾರು ಬೇರು, ಹೆಚ್ಚಿನವು ಬುಡದಿಂದ ಆರೇಳು ಅಡಿಯೊಳಗೇ. ಹಳೇ ಜಾಗದಲ್ಲೇ ಅಗಲ ಪಾಯ ತೋಡಿದರೆ ಒಂದು ಪಕ್ಕದ ಬೇರೆಲ್ಲ ಹೋಗುತ್ತದೆ. ಹೊಸ ಗೋಡೆಯ ತಲೆಯ ಮೇಲೆ ಅರೆಬೇರಿನ ಮರ ಗಾಳಿಗೆ ತೂಗುತ್ತಿರುತ್ತದೆ. ಗೋಡೆಯನ್ನೇ ಮೂರಡಿ ತೋಟದ ಕಡೆಗೆ ಸರಿಸಿದೆವು. ನಮ್ಮ ಯಜಮಾನರು "ಮೂರಡಿ ತೋಟ ಹೋಯ್ತು" ಎಂದರು. ಹಿತ್ತಿಲು ಮೂರಡಿ ಬಂತಲ್ಲ ಎಂದೆ.

14 ಏಪ್ರಿಲ್, ಭಾನುವಾರ

ನಿನ್ನೆ ಪಕ್ಕದ ಮನೆಯವರು ಬಂದು ಸಲಹೆ ಕೊಟ್ಟರು. ಹೇಗೂ ಕಟ್ಟಿಸುತ್ತಿದ್ದೀರಿ, ಎಂಟಡಿಗೆ ಎತ್ತರಿಸಿಬಿಡಿ, ಹಿತ್ತಿಲು ಮನೆಯ ಮಟ್ಟಕ್ಕೆ ಬರುತ್ತೆ, ನೋಡೋದಕ್ಕೂ ಚೆಂದ. ಇವರು ಆಗಲೇ ತಲೆಯಾಡಿಸುತ್ತಿದ್ದರು.

ರಾತ್ರಿ ಹಾಳೆ ತೆಗೆದು ಲೆಕ್ಕ ಹಾಕಿದೆ. ಒಂಬತ್ತನೇ ತರಗತಿಗೆ ವರ್ಗ, ಘನ ಹೇಳಿಕೊಡುವವಳಿಗೆ ಇದಾದರೂ ಬೇಡವೇ? ಮಣ್ಣು ಗೋಡೆಯನ್ನು ನೂಕುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರರ ವರ್ಗ 36, ಎಂಟರದು 64. ಎರಡಡಿ ಹೆಚ್ಚಿಸಿದರೆ ನೂಕು ಹತ್ತಿರ ಹತ್ತಿರ 1.8 ಪಟ್ಟು. ಗೋಡೆಯನ್ನು ಮಗುಚುವ ಶಕ್ತಿಯಾದರೆ ಘನಕ್ಕೆ ತಕ್ಕಂತೆ: 216ಕ್ಕೆ 512, ಎರಡೂಕಾಲು ಪಟ್ಟಿಗೂ ಮೇಲೆ. ಇಂಥ ಗೋಡೆ ನಿಲ್ಲುವುದು ತನ್ನ ತೂಕದಿಂದಲೇ. ಅದಕ್ಕೇ ತಳದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚಿರಬೇಕು ಎನ್ನುವುದು. ನಮ್ಮದು ತಳ ನಾಲ್ಕಡಿ, ತುದಿ ಒಂದೂವರೆ ಅಡಿ, ನೆಲದೊಳಗೆ ಪಾಯ ಎರಡಡಿ.

ಆಮೇಲೆ ನೀರಿನ ಲೆಕ್ಕ. ಆರಡಿ ಎತ್ತರದ ಒಣ ಗರಸು ಮಣ್ಣು ಗೋಡೆಯ ಒಂದು ಮೀಟರ್ ಉದ್ದವನ್ನು ಸುಮಾರು ಒಂದು ಟನ್ ಬಲದಿಂದ ನೂಕುತ್ತದೆ. ಅದೇ ಮಣ್ಣಿನಲ್ಲಿ ತುದಿಯವರೆಗೆ ನೀರು ನಿಂತರೆ ಎರಡು ಟನ್ ದಾಟುತ್ತದೆ. ಮಣ್ಣಿಗೆ ತನ್ನದೇ ಒಂದಿಷ್ಟು ಬಿಗಿ ಇದೆ, ನೀರಿಗೆ ಇಲ್ಲ. ಇದ್ದಷ್ಟು ಎತ್ತರವನ್ನೆಲ್ಲ ಅದು ನೂಕಿಗೇ ಹಾಕುತ್ತದೆ. ಹಾಳೆಯನ್ನು ಇವರ ಕಾಫಿ ಲೋಟದ ಕೆಳಗಿಟ್ಟೆ. ಬೆಳಿಗ್ಗೆ ಎಂಟಡಿಯ ಮಾತು ಯಾರೂ ಎತ್ತಲಿಲ್ಲ.

17 ಏಪ್ರಿಲ್, ಬುಧವಾರ. ರಾಮನವಮಿ

ಪಾನಕ, ಕೋಸಂಬರಿ. ಕೆಲಸಕ್ಕೆ ರಜೆ ಕೊಟ್ಟೆವು.

ನಿನ್ನೆಯಿಂದ ಟಿವಿಯಲ್ಲೆಲ್ಲ ದುಬೈ ಮಳೆ. ವಿಮಾನ ನಿಲ್ದಾಣದ ರನ್‌ವೇ ಕೆರೆಯಾಗಿದೆ. ತಮ್ಮನಿಗೆ ಫೋನ್ ಸಿಕ್ಕಿದ್ದು ಮಧ್ಯಾಹ್ನ. ಅವನು ಶಾರ್ಜಾದಲ್ಲಿ ಮನೆ ಕಟ್ಟುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. "ಅಕ್ಕಾ, ನಾನು ಚೆನ್ನಾಗಿದೀನಿ, ಕಾರು ನೀರಲ್ಲಿದೆ" ಅಂದ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾ ಎಂಬಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಸುರಿದಿದೆಯಂತೆ. 1949ರಿಂದ ದಾಖಲೆ ಇಡುತ್ತಿದ್ದಾರೆ, ಇಷ್ಟು ಮಳೆ ಇದೇ ಮೊದಲು. ವರ್ಷಕ್ಕೆ ನೂರು ಮಿಲಿಮೀಟರ್ ಬಂದರೆ ಹೆಚ್ಚು ಎನ್ನುವ ಮರಳುಗಾಡಿನಲ್ಲಿ!

ಗೋಡೆಯ ವಿಷಯ ಹೇಳಿದೆ. ಅವನು ತನ್ನ ಕೆಲಸದ್ದೇ ಕಥೆ ತೆಗೆದ. ಅಲ್ಲಿ ಬೇಸಿಗೆಯಲ್ಲಿ ಕಾಂಕ್ರೀಟ್ ಹಾಕುವುದು ರಾತ್ರಿ, ಕಲಸುವ ನೀರಿಗೆ ಐಸ್ ಬೆರೆಸಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತೆಯೇ ಇಲ್ಲ, ಕಾನೂನು. ಬಿಸಿಲಿಗೆ ಇಷ್ಟೆಲ್ಲ ಎಚ್ಚರ. ಆದರೆ ವಿಲ್ಲಾಗಳ ಹಿಂದಿನ ತಡೆಗೋಡೆಗೆ ನೀರು ಹೋಗುವ ತೂತು ಬಿಡಿ ಎಂದರೆ ಎಷ್ಟೋ ಜನ ನಗುತ್ತಾರಂತೆ, ಇಲ್ಲೆಲ್ಲಿ ಮಳೆ ಎಂದು. "ಈವತ್ತು ಯಾರೂ ನಗ್ತಿಲ್ಲ. ನೀನು ತೂತು ಬಿಡಿಸು, ಹಿಂದೆ ಜಲ್ಲಿ ತುಂಬಿಸು. ಬೇರೆ ಏನು ಕಮ್ಮಿ ಮಾಡಿದ್ರೂ ಅದನ್ನ ಮಾಡಬೇಡ."

ನಮ್ಮದು ಮರಳುಗಾಡಲ್ಲ, ಆರುನೂರು ಮಿಲಿಮೀಟರ್ ದಾಟುವ ಸೀಮೆ. ಆದರೂ ಈ ಏಪ್ರಿಲಿನಲ್ಲಿ ಹಿತ್ತಿಲು ನೋಡಿದವರಿಗೆ ಅದನ್ನು ನಂಬಿಸುವುದು ಕಷ್ಟ. ಒಣಗಿದ ವರ್ಷದಲ್ಲಿ ಕಟ್ಟುವವರಿಗೆ ನೀರಿನ ನೆನಪೇ ಇರುವುದಿಲ್ಲ.

21 ಏಪ್ರಿಲ್, ಭಾನುವಾರ

ಕೆಲಸ ಬೆಳಿಗ್ಗೆ ಆರರಿಂದ ಹನ್ನೊಂದು, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ. ಮಧ್ಯಾಹ್ನ ಸೈಜುಗಲ್ಲು ಬರಿಗೈಲಿ ಮುಟ್ಟುವಂತಿಲ್ಲ. ಐಎಸ್ 7861 ಎಂಬ ಭಾರತೀಯ ಮಾನಕ 40 ಡಿಗ್ರಿ ದಾಟಿದರೆ ಬಿಸಿಲಿನ ಕಾಂಕ್ರೀಟ್ ಕೆಲಸ ಎಂದು ಎಣಿಸುತ್ತದೆ. ನೆರಳಿನ ತಾಪಮಾನ ನಮ್ಮಲ್ಲಿ ಅಷ್ಟು ಮುಟ್ಟುವುದು ಅಪರೂಪ, ಆದರೆ ಬಿಸಿಲಲ್ಲಿ ಬಿದ್ದ ಕಲ್ಲಿಗೆ ನೆರಳಿನ ಲೆಕ್ಕ ಗೊತ್ತಿಲ್ಲ.

ಮೇಸ್ತ್ರಿಯ ಕೈ ನೋಡುತ್ತ ಕೂರುವುದೇ ಒಂದು ಪಾಠ. ಕಲ್ಲಿಗೆ ಮೊದಲು ಒಂದು ಚೆಂಬು ನೀರು. ಬೂದುಗಲ್ಲು ಇಟ್ಟಿಗೆಯ ಹಾಗೆ ನೀರು ಕುಡಿಯುವುದಿಲ್ಲ. ನೀರು ಹಾಕುವುದು ಧೂಳು ತೊಳೆಯಲು, ಕಾವಿಳಿಸಲು. ಆಮೇಲೆ ಗಾರೆ ಹಾಸಿ, ಕಲ್ಲನ್ನು ಎರಡು ಕೈಲಿ ಎತ್ತಿಟ್ಟು, ಒಮ್ಮೆ ಅಲುಗಿಸಿ, ಸುತ್ತಿಗೆಯ ಹಿಂಭಾಗದಿಂದ ಮೂರು ಪೆಟ್ಟು. ಸದ್ದು ಕೇಳಿಯೇ ಕೂತಿತೋ ಇಲ್ಲವೋ ಹೇಳುತ್ತಾರೆ. ಟೊಳ್ಳು ಸದ್ದು ಬಂದರೆ ಮತ್ತೆ ಎತ್ತಿ ಚಕ್ಕೆ ತುಂಬಿಸುತ್ತಾರೆ. ಪ್ರತಿ ವರಸೆಯಲ್ಲೂ ಅಲ್ಲಲ್ಲಿ ಗೋಡೆಯ ಈ ಮುಖದಿಂದ ಒಳಕ್ಕೆ ಉದ್ದಕ್ಕೂ ಹೋಗುವ ನೀಳಗಲ್ಲು ಬೀಳಲೇಬೇಕು. ಇಲ್ಲದಿದ್ದರೆ ಮುಂದಿನ ಪದರ ಒಂದು, ಹಿಂದಿನ ಪದರ ಒಂದು ಆಗಿ ಗೋಡೆ ಸೀಳಿಕೊಳ್ಳುತ್ತದೆ.

ಗಾರೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿಸುತ್ತಾರೆ. ಇವತ್ತು ಹುಡುಗನೊಬ್ಬ ಬಾಂಡ್ಲಿಯಲ್ಲಿ ಬಿಗಿಯಾದ ಗಾರೆಗೆ ಮತ್ತೆ ನೀರು ಸುರಿದು ಮೆತ್ತಗೆ ಮಾಡಿದ. ಮೇಸ್ತ್ರಿ ಮಾತಾಡಲಿಲ್ಲ, ಬಾಂಡ್ಲಿಯನ್ನು ಕಾಲಲ್ಲಿ ಮಗುಚಿ ಹಾಕಿದರು.

ತೂತಿಗೆ ಮೂರಿಂಚಿನ ಪಿವಿಸಿ ಪೈಪು. ಮೊದಲ ಸಾಲು ತೋಟದ ನೆಲದಿಂದ ಒಂದಡಿ ಮೇಲೆ, ಐದೈದು ಅಡಿಗೊಂದು. ಎರಡನೇ ಸಾಲು ಮೂರಡಿ ಎತ್ತರದಲ್ಲಿ, ಕೆಳಗಿನವುಗಳ ನಡುವೆ ಬರುವಂತೆ. ಎಲ್ಲವೂ ಹೊರಕ್ಕೆ ಕೊಂಚ ಇಳಿಜಾರು.

26 ಏಪ್ರಿಲ್, ಶುಕ್ರವಾರ

ಮತದಾನ. ಚುನಾವಣಾ ಕೆಲಸಕ್ಕೆ ನಿನ್ನೆಯಿಂದ ಬೂತಿನಲ್ಲೇ ಇದ್ದೆ, ಬಂದದ್ದು ನಡುರಾತ್ರಿ. ಗೋಡೆ ಕಡೆ ಟಾರ್ಚ್ ಬಿಟ್ಟು ನೋಡಿದೆ. ಕಟ್ಟಿದಷ್ಟಕ್ಕೆ ಹೊದಿಸಿದ್ದ ಗೋಣಿ ಒದ್ದೆ ಇತ್ತು. ಅತ್ತೆಯ ಕೆಲಸ.

2 ಮೇ, ಗುರುವಾರ

ಗೋಡೆ ತುದಿ ಮುಟ್ಟಿತು. ಈಗ ಕಟ್ಟುವುದಕ್ಕಿಂತ ದೊಡ್ಡ ಕೆಲಸ ನೀರು ಹೊಡೆಯುವುದು. ಐಎಸ್ 456ರ ಪ್ರಕಾರ ಒಣ ಬಿಸಿಲಿನಲ್ಲಿ ಸಾದಾ ಸಿಮೆಂಟಿನ ಕಾಂಕ್ರೀಟನ್ನು ಹತ್ತು ದಿನಕ್ಕೆ ಕಡಿಮೆ ಇಲ್ಲದಂತೆ ತೇವವಾಗಿಡಬೇಕು, ಹಾರುಬೂದಿ ಬೆರೆಸಿದ ಸಿಮೆಂಟಾದರೆ ಹದಿನಾಲ್ಕು. ನಮ್ಮದು ಹಾರುಬೂದಿಯದು. ಕಲ್ಲಿನ ಗಾರೆಗೂ ಅದೇ ಲೆಕ್ಕ ಹಿಡಿದಿದ್ದೇನೆ. ಬೋರ್‌ವೆಲ್ ಗಂಟೆಗೊಮ್ಮೆ ಕೆಮ್ಮಿ ನಿಲ್ಲುತ್ತದೆ, ಹೇಮಾವತಿ ನಾಲೆಯ ನೀರೇನಿದ್ದರೂ ಗೊರೂರು ಅಣೆಕಟ್ಟು ತುಂಬಿದ ಮೇಲೆ. ಟ್ಯಾಂಕರಿನಲ್ಲಿ ತರಿಸಿದ ನೀರನ್ನು ಪೈಪಿನಲ್ಲಿ ಎರಚಿದರೆ ಹತ್ತು ನಿಮಿಷಕ್ಕೆ ಆವಿ.

ಅದಕ್ಕೆ ಊರಿನದೇ ಉಪಾಯ. ಅಟ್ಟದ ಕೊಬ್ಬರಿ ಮಾರಿಹೋಗಿದೆ. ಉಂಡೆ ಕೊಬ್ಬರಿಗೆ ಈ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 12,000, ಗೋಡೆಯ ದುಡ್ಡು ಅದರದ್ದೇ. ಅಟ್ಟದಲ್ಲಿ ಉಳಿದ ಹಳೇ ಗೋಣಿಗಳನ್ನು ಗೋಡೆಯ ಮುಖಕ್ಕೆ ಇಳಿಬಿಟ್ಟೆವು. ತುದಿಯ ಮೇಲೆ ನಾರಿನ ಕಾರ್ಖಾನೆಯಿಂದ ತಂದ ಹೊಟ್ಟನ್ನು ನಾಲ್ಕಿಂಚು ಹರಡಿ ನೆನೆಸಿದೆವು. ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಂಡು ನಿಧಾನಕ್ಕೆ ಗೋಣಿಗೆ ಬಿಡುತ್ತದೆ. ಬಿಸಿಲು ನೇರ ಬೀಳದಂತೆ ಮುಂದೆ ತೆಂಗಿನ ಗರಿ ಒರಗಿಸಿದೆವು. ದಿನಕ್ಕೆ ಐದಾರು ಸಲ ಎರಚಬೇಕಿದ್ದದ್ದು ಬೆಳಿಗ್ಗೆ ಸಂಜೆ ಎರಡೇ ಸಲಕ್ಕೆ ಇಳಿಯಿತು.

ಗೋಣಿ ಸಾಲದೆ ಒಂದು ಮೂಲೆ ಬಿಸಿಲಿಗೇ ಉಳಿದಿತ್ತು. ಮೇಸ್ತ್ರಿ ಕರಣೆಯ ತುದಿಯಲ್ಲಿ ಅಲ್ಲಿನ ಸಂದು ಕೆರೆದರು, ಮರಳು ಉದುರಿತು. ಗೋಣಿಯ ಕೆಳಗಿನ ಸಂದು ಕೆರೆದರು, ಬಿಳಿ ಗೀರು ಮಾತ್ರ. ಮೂಲೆಯ ಸಂದು ಬಿಡಿಸಿ ಹೊಸ ಗಾರೆ ತುಂಬಿಸಬೇಕು.

6 ಮೇ, ಸೋಮವಾರ

ಭರಣಿ ಮಳೆ! ಸಂಜೆ ಐದಕ್ಕೆ ಗಾಳಿ, ಆಮೇಲೆ ಮುಕ್ಕಾಲು ಗಂಟೆ ಬಿಡದೆ. ಗೋಡೆಯ ಹಿಂದೆ ಇನ್ನೂ ಪೂರ್ತಿ ತುಂಬಿಸಿಲ್ಲ, ಬುಡಕ್ಕೆ ಎರಡಡಿ ಜಲ್ಲಿ ಮಾತ್ರ ಇತ್ತು. ಕೊಡೆ ಹಿಡಿದು ತೋಟಕ್ಕಿಳಿದೆ. ಕೆಳಸಾಲಿನ ಪೈಪುಗಳಲ್ಲಿ ಮೊದಲು ಕೆಂಪು ನೀರು, ಸ್ವಲ್ಪ ಹೊತ್ತಿಗೆ ತಿಳಿ. ಒಂದು ಪೈಪು ಮಾತ್ರ ಬರಲೇ ಇಲ್ಲ. ಕಟ್ಟುವಾಗ ಗಾರೆ ಒಳಗೆ ಬಿದ್ದು ಕಟ್ಟಿಕೊಂಡಿದೆ. ಈಗ ತಿಳಿದದ್ದೇ ಒಳ್ಳೆಯದಾಯಿತು, ಮಣ್ಣು ತುಂಬಿದ ಮೇಲಾಗಿದ್ದರೆ ಹಾರೆ ಹಾಕಲೂ ಆಗುತ್ತಿರಲಿಲ್ಲ.

10 ಮೇ, ಶುಕ್ರವಾರ. ಬಸವ ಜಯಂತಿ

ಇವತ್ತು ಜಗಳವೇ ಆಯಿತು. ಕೆರೆ ಬತ್ತಿರುವುದರಿಂದ ಎಲ್ಲರೂ ಅದರ ಗೋಡು, ಅಂದರೆ ಹೂಳುಮಣ್ಣು, ಹೊಡೆಸಿಕೊಳ್ಳುತ್ತಿದ್ದಾರೆ. ಇವರು ಗೋಡೆ ಹಿಂದಕ್ಕೂ ಅದನ್ನೇ ತುಂಬಿಸೋಣ, ಮಣ್ಣು ಕೊಳ್ಳುವ ದುಡ್ಡು ಉಳಿಯುತ್ತೆ, ಗಿಡವೂ ಬರುತ್ತೆ ಎಂದರು. ತೋಟಕ್ಕೆ ಗೋಡು ಬಂಗಾರ, ಒಪ್ಪಿದೆ. ಗೋಡೆಯ ಬೆನ್ನಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಕುಡಿದ ನೀರನ್ನು ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಮುಂದಿನ ಮಳೆಯನ್ನು ನೇರ ಬುಡಕ್ಕೆ ಇಳಿಸುತ್ತದೆ. ಕೊನೆಗೆ ಮೇಸ್ತ್ರಿಯೇ ಹೇಳಿದರು: "ಯಜಮಾನ್ರೆ, ಗೋಡು ತುಂಬಿಸಾದಾದ್ರೆ ಗೋಡೆ ಕಟ್ಟಿದ್ದು ನಾನು ಅಂತ ಯಾರಿಗೂ ಹೇಳ್‌ಬ್ಯಾಡಿ."

ತೀರ್ಮಾನ: ಗೋಡೆಗೆ ತಾಗಿ ಒಂದೂವರೆ ಅಡಿ ಅಗಲಕ್ಕೆ ತಳದಿಂದ ಮೇಲಿನವರೆಗೂ ದಪ್ಪ ಜಲ್ಲಿ. ಅದರ ಹಿಂದೆ ಗರಸು ಮಣ್ಣು, ಒಂದೊಂದು ಅಡಿಗೆ ದಿಮ್ಮಸು ಹೊಡೆದು. ಮೇಲಿನ ಒಂದಡಿ ಮಾತ್ರ ಗೋಡು, ಅದೂ ಜಲ್ಲಿಯ ತಲೆಗೆ ಹಳೇ ಗೋಣಿ ಮುಚ್ಚಿ. ಬಚ್ಚಲ ನೀರಿಗೆ ಬೇರೆ ಪೈಪು, ಗೋಡೆ ದಾಟಿ ತೋಟದ ಬಾಳೆ ಬುಡಕ್ಕೆ.

19 ಮೇ, ಭಾನುವಾರ

ಕೆಲಸ ಮುಗಿಯಿತು, ಮೇಸ್ತ್ರಿ ಲೆಕ್ಕ ಚುಕ್ತಾ ಆಯಿತು. ಖರ್ಚಿನ ಪಟ್ಟಿಯಲ್ಲಿ ಕಲ್ಲು ಮತ್ತು ಕೂಲಿಯದೇ ಮುಕ್ಕಾಲು ಪಾಲು. ಪೈಪು, ಅದರ ಬಾಯಿಗೆ ಕಟ್ಟುವ ಜಾಲರಿ ಎಲ್ಲಕ್ಕಿಂತ ಕೆಳಗೆ. ದುಡ್ಡು ಸಾಲದವರು ಮೊದಲು ಬಿಡುವುದೂ ಅವನ್ನೇ.

ಅತ್ತೆಗೆ ಅಂಚಿನಲ್ಲಿ ಒಂದು ತೆಂಗಿನ ಸಸಿ ನೆಡಬೇಕು. ಬೇಡವೆಂದು ದಾಸವಾಳ, ಕರಿಬೇವು ಕೊಟ್ಟೆ. ಅದಕ್ಕಿಂತ ದೊಡ್ಡ ತಕರಾರು ಅವರದು ತೂತಿನದು. "ಹಾವು ಬಂದು ಮನಿಕಂತದೆ ಕಣವ್ವ" ಎಂದು ಬೆಳಿಗ್ಗೆ ಎರಡು ಪೈಪಿಗೆ ಹಳೇ ಸೀರೆ ತುರುಕಿದ್ದರು. ಹಾವಿನ ಭಯ ಸುಳ್ಳಲ್ಲ. ಹಿಂದಿನ ಬಾಯಿಗೆ ಮೊದಲೇ ಜಾಲರಿ ಕಟ್ಟಿಸಿದ್ದೆ, ಈಗ ಮುಂದಿನ ಬಾಯಿಗೂ ಕಟ್ಟಿಸಿದೆ. ಸೀರೆ ತೆಗೆದು ಅತ್ತೆಯ ಕೈಗೇ ಕೊಟ್ಟೆ.

ಈ ಪುಸ್ತಕ ಮುಂದೆ ಮನೆಯಲ್ಲಿ ಯಾರ ಕೈಗೆ ಸಿಗುತ್ತದೋ ಅವರಿಗೆ: ಆ ತೂತುಗಳು ಗೋಡೆಗೆ ಬೇಕಾಗಿಯೇ ಇಟ್ಟವು. ಸುಣ್ಣ ಬಳಿಸುವಾಗ ಸಿಮೆಂಟ್ ಮೆತ್ತಿಸಬೇಡಿ. ವರ್ಷಕ್ಕೊಮ್ಮೆ, ಭರಣಿಗೆ ಮುಂಚೆ, ಜಾಲರಿ ಬಿಚ್ಚಿ ಉದ್ದ ಕಡ್ಡಿ ಹಾಕಿ ಕೆದಕಿ, ಒಂದು ಕೊಡ ನೀರು ಹಿತ್ತಿಲ ಅಂಚಿಗೆ ಸುರಿದು ಕೆಳಗೆ ಬರುತ್ತದೆಯೇ ನೋಡಿ. ಬರಗಾಲದ ವರ್ಷದಲ್ಲೂ ನೋಡಿ.